ಮಂಡಕಳ್ಳಿಯಿಂದ ಮದ್ರಾಸಿಗೆ

ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತಲೆಯೆತ್ತುವ 8 ವರ್ಷ ಮೊದಲೇ ಬಳ್ಳಾರಿಯಲ್ಲಿ ಅಂಚೆ ವಿಮಾನ ಇಳಿದಿತ್ತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬೈಗೆ ಟಪಾಲಿನ ಚೀಲಗಳನ್ನು ತಂದಿಳಿಸಿದರು. ಅಲ್ಲಿಂದ ಮುಂದಕ್ಕೆ, ಬಳ್ಳಾರಿಯ ಮೇಲೆ ಮದ್ರಾಸಿನವರೆಗೆ ವಿಮಾನ ನಡೆಸಿದವರು ನೆವಿಲ್ ವಿನ್ಸೆಂಟ್. ಬ್ರಿಟಿಷ್ ವಾಯುಪಡೆಯಲ್ಲಿದ್ದ ಈತನೇ ಈ ಸೇವೆಯ ಯೋಜನೆಯನ್ನು ಟಾಟಾ ಸಂಸ್ಥೆಯ ಮುಂದಿಟ್ಟವನು. ಪುಸ್ ಮಾತ್ ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನಕ್ಕೆ ಮುಂಬೈಯಿಂದ ಮದ್ರಾಸಿಗೆ ಒಂದೇ ಏಟಿಗೆ ಹಾರುವ ಶಕ್ತಿ ಇರಲಿಲ್ಲ. ನಡುವೆ ಇಳಿದು ಪೆಟ್ರೋಲು ತುಂಬಿಸಿಕೊಳ್ಳಲು ಒಂದು ಊರು ಬೇಕಿತ್ತು. ಬಳ್ಳಾರಿ ಆ ಊರಾಯಿತು. ಇದೇ ಪಯಣದಲ್ಲಿ ಅಹಮದಾಬಾದಿನಲ್ಲಿ ಪೆಟ್ರೋಲು ಬಂದದ್ದು ಎತ್ತಿನ ಗಾಡಿಯಲ್ಲಿ, ಡಬ್ಬಗಳಲ್ಲಿ.

ಟಾಟಾ ಸಂಸ್ಥೆ ಮೊದಲು ಸರ್ಕಾರದಿಂದ ಸಹಾಯಧನ ಕೇಳಿತ್ತು. ಸರ್ಕಾರ ಕೊಡಲಿಲ್ಲ. ಕಡೆಗೆ ಸಹಾಯಧನವೇ ಬೇಡ, ಹೊತ್ತ ಟಪಾಲಿನ ತೂಕ ನೋಡಿ ಕೂಲಿ ಕೊಟ್ಟರೆ ಸಾಕು ಎಂದು ಒಪ್ಪಂದವಾಯಿತು. ಮೊದಲ ವರ್ಷವೇ 60,000 ರೂಪಾಯಿ ಲಾಭ ಬಂತು. ಆ ವರ್ಷ ಹತ್ತಿದ ಪ್ರಯಾಣಿಕರು 155 ಜನ ಮಾತ್ರ. ಸಂಪಾದನೆಯೆಲ್ಲ ಕಾಗದ ಪತ್ರಗಳದು. ಮುಂದೆ ಹೈದರಾಬಾದ್ ಈ ದಾರಿಗೆ ಸೇರಿತು, ಬಳ್ಳಾರಿ ಬಿಟ್ಟುಹೋಯಿತು. ವಿಮಾನಕ್ಕೆ ಬಳ್ಳಾರಿ ಬೇಕಾಗಿತ್ತೇ ಹೊರತು, ಬಳ್ಳಾರಿಯವರಿಗೆ ವಿಮಾನ ಏತಕ್ಕೆ ಬೇಕು ಎಂದು ಯಾರೂ ಕೇಳಿರಲಿಲ್ಲ. ಸಣ್ಣ ಊರಿನ ವಿಮಾನ ನಿಲ್ದಾಣಗಳ ಮುಂದಿನ ತೊಂಬತ್ತು ವರ್ಷಗಳ ಕಥೆಯನ್ನು ಓದುವಾಗ ನನಗೆ ಮತ್ತೆ ಮತ್ತೆ ಎದುರಾಗುವುದು ಕೇಳದೆ ಉಳಿದ ಈ ಪ್ರಶ್ನೆಯೇ.

ಏಕೆಂದರೆ ಮದ್ರಾಸಿಗೆ ಹೋಗುವ ಕಾರಣಗಳು ಕನ್ನಡಿಗರಿಗೆ ಬೇಕಾದಷ್ಟಿದ್ದವು. 1953ರವರೆಗೆ ಬಳ್ಳಾರಿ, 1956ರವರೆಗೆ ಮಂಗಳೂರು ಮದ್ರಾಸಿನ ಆಡಳಿತಕ್ಕೇ ಸೇರಿದ್ದವು. ಹೈಕೋರ್ಟಿಗೂ ಅಲ್ಲಿಗೇ ಹೋಗಬೇಕು, ಪದವಿಗೂ ಅಲ್ಲಿಗೇ. ರಾಜ್ಯ ಒಂದಾದ ಮೇಲೂ ಎಷ್ಟೋ ವರ್ಷ ಕನ್ನಡ ಸಿನಿಮಾ ತಯಾರಾಗುತ್ತಿದ್ದದ್ದು ಕೋಡಂಬಾಕ್ಕಂ, ವಡಪಳನಿಯ ಸ್ಟುಡಿಯೊಗಳಲ್ಲಿ. ರಾಜ್‌ಕುಮಾರ್ ಅವರ ಸಂಸಾರವೇ ಆ ಊರಲ್ಲಿತ್ತು. ನಟರು, ಸಾಹಿತಿಗಳು, ವಾದ್ಯದವರು ರಾತ್ರಿ ರೈಲು ಹತ್ತಿ ಬೆಳಗ್ಗೆ ಸೆಂಟ್ರಲ್‌ನಲ್ಲಿ ಇಳಿಯುತ್ತಿದ್ದರು.

ಸಿನಿಮಾ ಬೆಂಗಳೂರಿಗೆ ಬಂದ ಮೇಲೂ ಮದ್ರಾಸಿನ ದಾರಿ ಸವೆಯುತ್ತಲೇ ಇತ್ತು. ಅದು ಕಣ್ಣಿಗೆ ಕಟ್ಟುವಂತೆ ಕಾಣುವುದು ನುಂಗಂಬಾಕ್ಕಂನ ಕಾಲೇಜ್ ರೋಡಿನಲ್ಲಿ. ಈ ಒಂದೇ ರಸ್ತೆಯಲ್ಲಿ ಹವಾಮಾನ ಇಲಾಖೆಯ ಪ್ರಾದೇಶಿಕ ಕೇಂದ್ರವಿದೆ, ಶಂಕರ ನೇತ್ರಾಲಯವೂ ಇದೆ. ಹವಾಮಾನ ಕೇಂದ್ರದ ಆವರಣ 1792ರ ಮದ್ರಾಸ್ ಖಗೋಳ ವೀಕ್ಷಣಾಲಯದ ಜಾಗ; ದೂರದರ್ಶಕ ಹೊತ್ತಿದ್ದ ಎತ್ತರದ ಕಲ್ಲುಕಂಬ ಇಂದಿಗೂ ಅಲ್ಲಿ ನಿಂತಿದೆ. ಮಳೆಗಾಲ ಬಂದರೆ ಚೆನ್ನೈನ ಸುದ್ದಿಗಳಲ್ಲಿ ಎರಡು ಹೆಸರು ಜೋಡಿಯಾಗಿ ಕೇಳುತ್ತವೆ: ನುಂಗಂಬಾಕ್ಕಂನಲ್ಲಿ ಇಷ್ಟು ಮಳೆ, ಮೀನಂಬಾಕ್ಕಂನಲ್ಲಿ ಇಷ್ಟು ಮಳೆ. ಮೊದಲನೆಯದು ವೀಕ್ಷಣಾಲಯದ ಲೆಕ್ಕ, ಎರಡನೆಯದು ವಿಮಾನ ನಿಲ್ದಾಣದ್ದು.

ಡಾ. ಎಸ್.ಎಸ್. ಬದರೀನಾಥ್ 1978ರಲ್ಲಿ ಕಟ್ಟಿದ ನೇತ್ರಾಲಯದ ಮುಂದೆ ಬೆಳಗ್ಗೆ ಏಳು ಗಂಟೆಗೆ ನಿಂತು ನೋಡಿದರೆ ಸಾಕು, ದೇಶದ ಸಣ್ಣ ಊರುಗಳೆಲ್ಲ ಅಲ್ಲಿಗೆ ಬಂದಂತಿರುತ್ತದೆ. ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಅಜ್ಜ, ಫೈಲು ಹಿಡಿದ ಮಗ, ಪ್ಲಾಸ್ಟಿಕ್ ಚೀಲದಲ್ಲಿ ಕಣ್ಣಿನ ಹನಿ ಔಷಧಿ. ಬಂಗಾಳಿ, ತೆಲುಗಿನ ನಡುವೆ ಮೈಸೂರಿನ ಕನ್ನಡ, ಹುಬ್ಬಳ್ಳಿಯ ಕನ್ನಡ ಕಿವಿಗೆ ಬೀಳುತ್ತವೆ. ಶಸ್ತ್ರಚಿಕಿತ್ಸೆಯಾದವರು ಬಗ್ಗಬಾರದು, ಕುಲುಕಾಡಬಾರದು, ಧೂಳು ತಾಕಬಾರದು. ಒಂದು ವಾರ ಬಿಟ್ಟು ಮತ್ತೆ ತೋರಿಸಲು ಬರಬೇಕು. ನುಂಗಂಬಾಕ್ಕಂ ಹೈರೋಡ್ ಹಿಡಿದು ಮುಂದೆ ಹೋದರೆ ಜೆಮಿನಿ ಸರ್ಕಲ್, ಅಲ್ಲಿ ಅಮೆರಿಕದ ಕಾನ್ಸುಲೇಟ್. ಕರ್ನಾಟಕವೂ ಅದರ ವ್ಯಾಪ್ತಿಗೇ ಸೇರಿದ್ದರಿಂದ, ಮೈಸೂರಿನ ಸಾಫ್ಟ್‌ವೇರ್ ಹುಡುಗನೂ ಮಗಳ ಬಾಣಂತನಕ್ಕೆ ಹೊರಟ ಶಿವಮೊಗ್ಗದ ತಾಯಿಯೂ ವೀಸಾ ಸಂದರ್ಶನಕ್ಕೆಂದು ಆ ಗೇಟಿನ ಮುಂದೆ ಸಾಲು ನಿಂತವರೇ. ಮೈಸೂರಿನಿಂದ ಈ ಬಾಗಿಲುಗಳಿಗೆ ರಸ್ತೆಯಲ್ಲಿ ಸುಮಾರು 480 ಕಿಲೋಮೀಟರ್. ವಿಮಾನಕ್ಕೆ ಹೇಳಿ ಮಾಡಿಸಿದ ದೂರ. ಹಾಗಿದ್ದೂ ಮೈಸೂರಿನ ಮಂಡಕಳ್ಳಿಯಿಂದ ನೇರವಾಗಿ ಚೆನ್ನೈಗೆ ಹಾರುವ ವಿಮಾನಕ್ಕೆ ಜನ 2017ರವರೆಗೆ ಕಾಯಬೇಕಾಯಿತು.

ಮಂಡಕಳ್ಳಿಯ ಮೈದಾನ ಮೈಸೂರು ಸಂಸ್ಥಾನದ ಕಾಲದ್ದು, 1940ರ ದಶಕದ್ದು. 1953ರಲ್ಲಿ ವಿಮಾನ ಕಂಪನಿಗಳೆಲ್ಲ ರಾಷ್ಟ್ರೀಕರಣಗೊಂಡ ಮೇಲೆ ಇಂಡಿಯನ್ ಏರ್‌ಲೈನ್ಸ್‌ಗೆ ದೊಡ್ಡ ಊರುಗಳದ್ದೇ ಕೆಲಸವಾಯಿತು. ಸಣ್ಣ ಊರುಗಳಿಗೆಂದು 1981ರಲ್ಲಿ ವಾಯುದೂತ್ ಹುಟ್ಟಿತು. 19 ಸೀಟಿನ ಡಾರ್ನಿಯರ್ ವಿಮಾನಗಳು ಮೈಸೂರಿಗೂ ಕೆಲಕಾಲ ಬಂದು ಹೋದವು. ಸಾಲ ಏರಿತು, 90ರ ದಶಕದಲ್ಲಿ ಸಂಸ್ಥೆಯೇ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಕರಗಿತು. 1994ರಲ್ಲಿ ಖಾಸಗಿಯವರಿಗೆ ಆಕಾಶ ತೆರೆದಾಗ ಚೆನ್ನೈನಿಂದಲೇ ಎದ್ದದ್ದು ಎನ್‌ಇಪಿಸಿ ಏರ್‌ಲೈನ್ಸ್. ಗಾಳಿಯಂತ್ರ ಮಾರುತ್ತಿದ್ದ ಕಂಪನಿ ಅದು. ಹಳೆಯ ಫೋಕರ್ ಎಫ್-27 ವಿಮಾನಗಳನ್ನು ತಂದು ದಕ್ಷಿಣದ ಸಣ್ಣ ಊರುಗಳಿಗೆ ಹಾರಿಸಿತು. ಅಷ್ಟಕ್ಕೇ ನಿಲ್ಲದೆ ಡಮಾನಿಯಾ ಕಂಪನಿಯನ್ನು ಕೊಂಡು ದೊಡ್ಡ ಊರುಗಳ ಪೈಪೋಟಿಗೂ ಇಳಿಯಿತು. 1997ರ ಹೊತ್ತಿಗೆ ಎಲ್ಲವೂ ನೆಲಕ್ಕಿಳಿದು ನಿಂತಿತ್ತು.

ಆಮೇಲೆ ಬಂದವರು ಗೊರೂರಿನ ಕ್ಯಾಪ್ಟನ್ ಗೋಪಿನಾಥ್. ಅವರ ಬಗ್ಗೆ ಕನ್ನಡಿಗರಿಗೆ ಹೆಮ್ಮೆ ಇರುವುದು ಸಹಜ, ಇರಲೇಬೇಕು. 2003ರ ಆಗಸ್ಟ್‌ನಲ್ಲಿ 48 ಸೀಟಿನ ಎಟಿಆರ್ ವಿಮಾನಗಳೊಂದಿಗೆ ಏರ್ ಡೆಕ್ಕನ್ ಹಾರಾಟ ಶುರುವಾಯಿತು. ಹುಬ್ಬಳ್ಳಿಯಂಥ ಊರುಗಳನ್ನು ಆರಿಸಿಕೊಂಡರು, ಊಟ ತಿಂಡಿ ತೆಗೆದರು, ಒಂದು ರೂಪಾಯಿಗೂ ಟಿಕೆಟ್ ಇಟ್ಟರು. ವಿಮಾನದ ಗುರುತಿಗೆ ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯನನ್ನು ತಂದರು. ಅವರ ಬದುಕಿನ ಎಳೆ ಹಿಡಿದು 2020ರಲ್ಲಿ ತಮಿಳಿನಲ್ಲಿ 'ಸೂರರೈ ಪೋಟ್ರು' ಸಿನಿಮಾ ಬಂದಾಗ ಹಾಸನ ಜಿಲ್ಲೆಯ ಗೊರೂರಿನ ಕಥೆ ಮದುರೆ ಸೀಮೆಯ ಕಥೆಯಾಗಿತ್ತು. ತಮಿಳರು ಅದನ್ನು ತಮ್ಮದೆಂದು ಅಪ್ಪಿಕೊಂಡ ಪರಿ ನೋಡಿದರೆ, ಸಣ್ಣ ಊರಿನವನು ವಿಮಾನ ಹತ್ತುವ ಆಸೆ ಯಾವ ಗಡಿಗೂ ಸೇರಿದ್ದಲ್ಲ ಎನಿಸುತ್ತದೆ.

ಆಸೆಗೆ ಲೆಕ್ಕ ಹೊಂದಲಿಲ್ಲ. ಅಗ್ಗದ ವಿಮಾನದ ಗುಟ್ಟು ಇರುವುದು ಟಿಕೆಟ್ಟಿನ ಬೆಲೆಯಲ್ಲಲ್ಲ, ವಿಮಾನ ದಿನಕ್ಕೆ ಎಷ್ಟು ಗಂಟೆ ಗಾಳಿಯಲ್ಲಿರುತ್ತದೆ ಎಂಬುದರಲ್ಲಿ. ಇಳಿದ ಅರ್ಧ ಗಂಟೆಯೊಳಗೆ ಮತ್ತೆ ಏರಬೇಕು. ನಸುಕಿನಿಂದ ನಡುರಾತ್ರಿಯ ತನಕ ದುಡಿಯಬೇಕು. ಎಲ್ಲ ವಿಮಾನಗಳೂ ಒಂದೇ ಜಾತಿಯವಾಗಿದ್ದರೆ ಬಿಡಿಭಾಗ, ಪೈಲಟ್, ಮೆಕ್ಯಾನಿಕ್ ಎಲ್ಲದರ ಖರ್ಚೂ ಇಳಿಯುತ್ತದೆ. ಆ ಒಂದೇ ಜಾತಿ ಎಂದರೆ ಸಾಮಾನ್ಯವಾಗಿ 180 ಸೀಟಿನ ಏರ್‌ಬಸ್ ಎ320. ಅದಕ್ಕೆ ಎರಡು ಕಿಲೋಮೀಟರಿಗೂ ಮಿಕ್ಕಿದ ರನ್‌ವೇ ಬೇಕು. ಸಣ್ಣ ಊರಿನಲ್ಲಿ ರನ್‌ವೇ ಗಿಡ್ಡ, ಎಷ್ಟೋ ಕಡೆ ರಾತ್ರಿ ಇಳಿಯುವ ದೀಪಗಳಿಲ್ಲ, ದಿನಕ್ಕೆ ಎರಡೇ ವಿಮಾನ ಬರುವಲ್ಲಿಯೂ ಅಗ್ನಿಶಾಮಕ ದಳ, ಭದ್ರತೆ, ಹವಾಮಾನದ ಉಪಕರಣ ಇರಲೇಬೇಕು. ಆದ್ದರಿಂದ ಅಲ್ಲಿಗೆ ಬರುವುದು ರೆಕ್ಕೆಯಡಿ ಫ್ಯಾನು ತಿರುಗುವ, 70 ಚಿಲ್ಲರೆ ಸೀಟಿನ ಎಟಿಆರ್ ಅಥವಾ ಕ್ಯೂ400 ಮಾತ್ರ. 80 ಸೀಟಿಗಿಂತ ಸಣ್ಣ ವಿಮಾನಗಳಿಗೆ ಸರ್ಕಾರಿ ನಿಲ್ದಾಣಗಳಲ್ಲಿ ಇಳಿಯುವ ಶುಲ್ಕವಿಲ್ಲ, ಇಂಧನದ ಮೇಲಿನ ತೆರಿಗೆಯೂ ಕಡಿಮೆ. ಆ ರಿಯಾಯಿತಿ ಸಿಕ್ಕರೂ ಖರ್ಚನ್ನು ಹಂಚಿಕೊಳ್ಳಲು ಇರುವುದು 70 ಜನ, 180 ಅಲ್ಲ. ಏರ್ ಡೆಕ್ಕನ್ 2007ರಲ್ಲಿ ಕಿಂಗ್‌ಫಿಷರ್ ಕೈಸೇರಿತು, ಮುಂದೆ ಕಿಂಗ್‌ಫಿಷರ್ ರೆಡ್ ಎಂಬ ಹೆಸರು ಪಡೆಯಿತು.

ಈಗ ಮೈಸೂರಿಗೆ ಬರೋಣ. ಸಣ್ಣ ನಿಲ್ದಾಣದ ಪಾಡು ಇಷ್ಟು ಸ್ಪಷ್ಟವಾಗಿ ಕಾಣುವ ಊರು ನಮ್ಮಲ್ಲಿ ಇನ್ನೊಂದಿಲ್ಲ. 2010ರ ಮೇ ತಿಂಗಳಲ್ಲಿ ಹೊಸ ಟರ್ಮಿನಲ್‌ನೊಂದಿಗೆ ಮಂಡಕಳ್ಳಿ ಉದ್ಘಾಟನೆಯಾಯಿತು. ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ಬಂತು, ಬೆಂಗಳೂರಿಗೆ ಹಾರಿತು. ಮರುವರ್ಷದ ಕೊನೆಯಲ್ಲಿ ನಿಲ್ಲಿಸಿತು. 2013ರ ಜನವರಿಯಲ್ಲಿ ಸ್ಪೈಸ್‌ಜೆಟ್ ಬಂತು. ಆಗ ಅದು ಚೆನ್ನೈನ ಕಲಾನಿಧಿ ಮಾರನ್ ಅವರ ಒಡೆತನದಲ್ಲಿತ್ತು. ಸಣ್ಣ ಊರುಗಳಿಗೆಂದೇ ಅವರ ಕಾಲದಲ್ಲಿ 15 ಕ್ಯೂ400 ವಿಮಾನಗಳಿಗೆ ಆರ್ಡರ್ ಹೋಗಿತ್ತು. ಸ್ಪೈಸ್‌ಜೆಟ್‌ನ ಮೈಸೂರಿನ ವಿಮಾನ ಚೆನ್ನೈಗೂ ಹೋಗುತ್ತಿತ್ತು, ಆದರೆ ಬೆಂಗಳೂರಿನಲ್ಲಿ ಇಳಿದು. ಅರ್ಧ ಗಂಟೆಯ ದಾರಿಗೆ ಒಂದು ಸಲ ಏರಿ ಇಳಿದು, ಮತ್ತೆ ಏರಿ ಹಾರುವುದೆಂದರೆ ಇಂಧನವೂ ಹೆಚ್ಚು, ಹೊತ್ತೂ ಹೆಚ್ಚು. 2014ರಲ್ಲಿ ಸ್ಪೈಸ್‌ಜೆಟ್ ಕಂಪನಿಯೇ ಮುಳುಗುವ ಹಂತಕ್ಕೆ ಬಂದಾಗ ಮೈಸೂರಿನ ಸೇವೆ ನಿಂತಿತು. 2015ರ ಸೆಪ್ಟೆಂಬರಿನಲ್ಲಿ ಏರ್ ಇಂಡಿಯಾ ಮತ್ತೆ ಬೆಂಗಳೂರಿಗೇ ಹಾರಿಸಿ ನೋಡಿತು. ಕೆಲವೇ ತಿಂಗಳು.

ಮೂವರೂ ಎಡವಿದ್ದು ಒಂದೇ ಕಡೆ. ಮೈಸೂರಿನಿಂದ ಬೆಂಗಳೂರಿಗೆ 140 ಕಿಲೋಮೀಟರ್. 2008ರಲ್ಲಿ ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋದ ಮೇಲೆ ಇಡೀ ಬೆಂಗಳೂರನ್ನು ದಾಟಿ ಹೋಗಬೇಕಾದ್ದರಿಂದ, ಅಲ್ಲಿಂದ ವಿದೇಶಕ್ಕೆ ಹೋಗುವವರಿಗೆ ಮೈಸೂರಿನ ವಿಮಾನ ಉಪಯೋಗವಾಗಬಹುದಿತ್ತು, ನಿಜ. ಆದರೆ ಟಿಕೆಟ್ ಬೇರೆ, ಕಂಪನಿ ಬೇರೆ, ಸಮಯ ಹೊಂದದು; ಒಂದು ವಿಮಾನ ತಡವಾದರೆ ಇನ್ನೊಂದು ಕೈತಪ್ಪುತ್ತಿತ್ತು. ಅಷ್ಟರಲ್ಲಿ ಕೆಎಸ್‌ಆರ್‌ಟಿಸಿ ಮೈಸೂರಿನಿಂದ ನೇರ ದೇವನಹಳ್ಳಿಗೆ ಫ್ಲೈಬಸ್ ಓಡಿಸಿತು. ಲಗೇಜು ಡಿಕ್ಕಿಗೆ ಹಾಕಿ ಕೂತರೆ ಟರ್ಮಿನಲ್ ಬಾಗಿಲಲ್ಲೇ ಇಳಿಯಬಹುದು. 2023ರ ಮಾರ್ಚಿನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲಂತೂ ಆ ದಾರಿಯಲ್ಲಿ ವಿಮಾನದ ಮಾತೇ ಮುಗಿಯಿತು. ನಮ್ಮ ರಾಜಕಾರಣಿಗಳಿಗೆ ಜಿಲ್ಲೆಯಿಂದ ರಾಜಧಾನಿಗೆ ಹಾರುವುದೇ ವಿಮಾನಯಾನ. ಜನರ ಅಗತ್ಯ ಬೇರೆ ದಿಕ್ಕಿನಲ್ಲಿತ್ತು.

ಆ ದಿಕ್ಕು ತೆರೆದದ್ದು ಉಡಾನ್ ಯೋಜನೆಯಿಂದ. 2016ರ ವಿಮಾನಯಾನ ನೀತಿಯ ಕೂಸು ಇದು. ಕಂಪನಿಗಳು ಮಾರ್ಗಗಳಿಗೆ ಬಿಡ್ ಹಾಕುತ್ತವೆ. ವಿಮಾನದ ಅರ್ಧದಷ್ಟು ಸೀಟುಗಳನ್ನು ಮಿತದರಕ್ಕೆ, ಆರಂಭದಲ್ಲಿ ಒಂದು ಗಂಟೆಯ ಹಾರಾಟಕ್ಕೆ ಸುಮಾರು 2,500 ರೂಪಾಯಿಗೆ, ಕೊಡಬೇಕು. ಬೀಳುವ ನಷ್ಟವನ್ನು ಮೂರು ವರ್ಷ ಸರ್ಕಾರ ತುಂಬಿಕೊಡುತ್ತದೆ. ಆ ಹಣದಲ್ಲಿ ರಾಜ್ಯಗಳ ಪಾಲೂ ಇದೆ. ಉಳಿದದ್ದು ದೊಡ್ಡ ಮಾರ್ಗಗಳ ವಿಮಾನಗಳ ಮೇಲೆ ಹಾಕುವ ಸುಂಕದಿಂದ ಬರುತ್ತದೆ. ದೆಹಲಿ, ಮುಂಬೈ ನಡುವೆ ಹಾರುವವನು ಕೊಟ್ಟ ಹಣದಲ್ಲಿ ಮೈಸೂರಿನವನು ಹಾರಬೇಕು. ಯೋಚನೆ ನ್ಯಾಯವಾದದ್ದೇ. 2017ರ ಮಾರ್ಚ್ 30ರಂದು ಮೊದಲ ಸುತ್ತಿನಲ್ಲಿ 128 ಮಾರ್ಗಗಳು ಐದು ಕಂಪನಿಗಳಿಗೆ ಹಂಚಿಕೆಯಾದವು. ಹೈದರಾಬಾದಿನ ಟ್ರೂಜೆಟ್ ಪಾಲಿಗೆ ಮೈಸೂರು–ಚೆನ್ನೈ ಬಂತು, ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಜಿಂದಾಲ್ ವಿದ್ಯಾನಗರ ನಿಲ್ದಾಣವೂ ಬಂತು. ಅದೇ ಸೆಪ್ಟೆಂಬರಿನಲ್ಲಿ ಎರಡೂ ಕಡೆ ಹಾರಾಟ ಶುರುವಾಯಿತು. ಅಂಚೆ ವಿಮಾನದ ಬಳ್ಳಾರಿಗೆ, 85 ವರ್ಷಗಳ ಬಳಿಕ, ಸರ್ಕಾರ ಸಹಾಯಧನ ಕೊಟ್ಟು ವಿಮಾನ ಕರೆಸಿತ್ತು.

ಮಂಡಕಳ್ಳಿಯಿಂದ ಎಟಿಆರ್ ಹತ್ತುವುದೇ ಒಂದು ಸೊಗಸು. ಏರೋಬ್ರಿಜ್ ಇಲ್ಲ, ಟರ್ಮಿನಲ್ಲಿನಿಂದ ನಡೆದೇ ಹೋಗಬೇಕು. ಬಾಗಿಲು ವಿಮಾನದ ಹಿಂಭಾಗದಲ್ಲಿ. ಅದನ್ನೇ ಮಗುಚಿದರೆ ಒಳಮೈಯಲ್ಲಿ ನಾಲ್ಕಾರು ಮೆಟ್ಟಿಲು. ಲಗೇಜು ಮುಂದೆ, ಪೈಲಟ್ ಬೆನ್ನ ಹಿಂದೆ. ಒಂದು ಬದಿಗೆ ಎರಡೆರಡೇ ಸೀಟು. ಮೇಲೇರುವಾಗ ಚಾಮುಂಡಿ ಬೆಟ್ಟ ಕಿಟಕಿಯಲ್ಲಿ ಹಾದುಹೋಗುತ್ತದೆ, ಒಂದೂಕಾಲು ಗಂಟೆಯ ಆಸುಪಾಸಿನಲ್ಲಿ ಮೀನಂಬಾಕ್ಕಂ ಬರುತ್ತದೆ. ಅಲ್ಲಿಂದ ನುಂಗಂಬಾಕ್ಕಂಗೆ ಲೋಕಲ್ ರೈಲು: ತ್ರಿಶೂಲಂನಲ್ಲಿ ಹತ್ತಿದರೆ ಅದೇ ಗಾಡಿ ಸೈದಾಪೇಟೆ, ಮಾಂಬಲಂ, ಕೋಡಂಬಾಕ್ಕಂ ದಾಟಿ ಇಳಿಸುತ್ತದೆ. ಬೆಳಗ್ಗೆ ಮೈಸೂರಿನಲ್ಲಿ ಕಾಫಿ ಕುಡಿದವರು ಮಧ್ಯಾಹ್ನದೊಳಗೆ ಡಾಕ್ಟರ ಮುಂದೆ ಕೂರಬಹುದು. ಟ್ರೂಜೆಟ್‌ನ ಈ ಮಾರ್ಗ ಹಿಂದಿನ ಮೂರೂ ಪ್ರಯತ್ನಗಳಿಗಿಂತ ಹೆಚ್ಚು ಕಾಲ ಬಾಳಿದ್ದು ಆಕಸ್ಮಿಕವಲ್ಲ.

ಬಾಳಿದ್ದು ಮಾರ್ಗ, ಕಂಪನಿಯಲ್ಲ. ಕೋವಿಡ್ ಹೊಡೆತ ಬಿತ್ತು, ಹಣ ಬತ್ತಿತು. 2022ರ ಆರಂಭದಲ್ಲಿ ಟ್ರೂಜೆಟ್ ಹಾರಾಟ ನಿಲ್ಲಿಸಿತು. ಮೊದಲ ಸುತ್ತಿನಲ್ಲಿ ಅತಿ ಹೆಚ್ಚು ಮಾರ್ಗ ಪಡೆದವರಲ್ಲಿದ್ದ ಏರ್ ಒಡಿಶಾ, ಮತ್ತೆ ಹುಟ್ಟಿದ ಏರ್ ಡೆಕ್ಕನ್ ಎರಡೂ ಅದಕ್ಕೂ ಮೊದಲೇ ಕೈಚೆಲ್ಲಿದ್ದವು. ಮಹಾಲೇಖಪಾಲರ 2023ರ ವರದಿ ಈ ಯೋಜನೆಯ ಜಾತಕವನ್ನೇ ಬಿಚ್ಚಿಟ್ಟಿತು. ಮೂರನೇ ಸುತ್ತಿನವರೆಗೆ ಹಂಚಿದ ಮಾರ್ಗಗಳು 774. ಅವುಗಳಲ್ಲಿ 403 ಶುರುವಾಗಲೇ ಇಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಸಹಾಯಧನ ನಿಂತ ಮೇಲೂ 2023ರ ಮಾರ್ಚ್‌ವರೆಗೆ ಉಳಿದದ್ದು 54. ನೂರಕ್ಕೆ ಏಳು.

ಅಮೆರಿಕದಲ್ಲಿ 1978ರಲ್ಲಿ ವಿಮಾನಯಾನದ ಮೇಲಿನ ಸರ್ಕಾರಿ ಹಿಡಿತ ಸಡಿಲಿಸಿದಾಗಲೇ ಸಣ್ಣ ಊರುಗಳಿಗೆ ಸೇವೆ ತಪ್ಪದಂತೆ ಸಹಾಯಧನದ ಏರ್ಪಾಡಾಯಿತು. ಅದು ಇಂದಿಗೂ ನಡೆಯುತ್ತಿದೆ. ಯೂರೋಪಿನಲ್ಲಿ ರಯಾನ್‌ಏರ್ ಸಣ್ಣ ನಿಲ್ದಾಣಗಳನ್ನೇ ಆರಿಸಿಕೊಂಡು, ನಾವು ಬರಬೇಕಾದರೆ ಇಷ್ಟು ರಿಯಾಯಿತಿ ಕೊಡಿ ಎಂದು ಚೌಕಾಸಿ ಮಾಡಿ ಬೆಳೆಯಿತು. ಬೆಲ್ಜಿಯಂನ ಶಾರ್ಲೆರ್ವಾ ನಿಲ್ದಾಣ ಹಾಗೆ ಕೊಟ್ಟದ್ದು ಸರಿಯೇ ಎಂಬ ವಿವಾದ ಯೂರೋಪಿಯನ್ ಕಮಿಷನ್ ಮುಂದೆ, ಬಳಿಕ ನ್ಯಾಯಾಲಯದ ಮುಂದೆ ಹೋಯಿತು. ಆದರೆ ಅಲ್ಲಿ ಬ್ರಸೆಲ್ಸ್ ಪಕ್ಕದಲ್ಲಿತ್ತು, 737 ವಿಮಾನ ಇಳಿಯುವ ರನ್‌ವೇ ಇತ್ತು. ಮಂಡಕಳ್ಳಿಗೆ ಚೌಕಾಸಿ ಮಾಡಲು ಕೈಯಲ್ಲಿ ಏನಿದೆ? ಮೂರು ವರ್ಷದ ಗಡುವು ನಮ್ಮಲ್ಲಿ ತೀರಾ ಕಡಿಮೆ ಎಂದೇ ನನ್ನ ಎಣಿಕೆ. ಒಂದು ಊರಿನ ಜನಕ್ಕೆ ವಿಮಾನ ದಿನವೂ ತಪ್ಪದೆ ಬರುತ್ತದೆ ಎಂಬ ನಂಬಿಕೆ ಹುಟ್ಟಲೇ ಒಂದೆರಡು ವರ್ಷ ಹಿಡಿಯುತ್ತದೆ. ಎರಡು ಸಲ ಟಿಕೆಟ್ ರದ್ದಾದರೆ ರೋಗಿಯ ಮನೆಯವರು ಮೂರನೆಯ ಸಲ ರೈಲನ್ನೇ ಹಿಡಿಯುತ್ತಾರೆ. ಆ ರೈಲು ಕೂಡ ಸುಮ್ಮನೆ ಕೂತಿಲ್ಲ: 2022ರ ನವೆಂಬರಿನಲ್ಲಿ ಶುರುವಾದ ಮೈಸೂರು–ಚೆನ್ನೈ ವಂದೇ ಭಾರತ್ ಆರೂವರೆ ಗಂಟೆಯಲ್ಲಿ ಮುಟ್ಟಿಸುತ್ತದೆ.

ತಮಿಳುನಾಡಿನ ಸೇಲಂನದು ಮೈಸೂರಿನ ಅವಳಿ ಕಥೆ. 1993ರಲ್ಲಿ ಕಟ್ಟಿದ ನಿಲ್ದಾಣ. ಎನ್‌ಇಪಿಸಿ ಬಂದು ಹೋಯಿತು, 2009ರಲ್ಲಿ ಕಿಂಗ್‌ಫಿಷರ್ ಬಂದು ಹೋಯಿತು, 2018ರಲ್ಲಿ ಟ್ರೂಜೆಟ್ ಬಂದು ಹೋಯಿತು, 2023ರ ಅಕ್ಟೋಬರಿನಲ್ಲಿ ಇಂಡಿಗೊ ಬಂತು. ಎರಡೂ ಊರುಗಳನ್ನು ಕಡೆಗೆ ಎತ್ತಿ ಹಿಡಿದದ್ದು ಸಣ್ಣ ಕಂಪನಿಯಲ್ಲ, ದೇಶದ ಅತಿ ದೊಡ್ಡ ಕಂಪನಿ. ಇಂಡಿಗೊ 2017ರಲ್ಲಿ 50 ಎಟಿಆರ್‌ಗಳಿಗೆ ಆರ್ಡರ್ ಕೊಟ್ಟು, ಏರ್‌ಬಸ್ ಮಾತ್ರ ಎಂಬ ತನ್ನ ಕಟ್ಟುಪಾಡನ್ನು ತಾನೇ ಮುರಿಯಿತು. ಮೈಸೂರಿನಿಂದ ಬಂದವನಿಗೆ ಚೆನ್ನೈನಲ್ಲಿ ಅದೇ ಕಂಪನಿಯ ಮುಂದಿನ ವಿಮಾನ ಸಿಗುತ್ತದೆ, ಒಂದೇ ಟಿಕೆಟ್, ಲಗೇಜು ನೇರ. ಸಣ್ಣ ಮಾರ್ಗದ ನಷ್ಟವನ್ನು ದೊಡ್ಡ ಮಾರ್ಗ ನುಂಗಿಕೊಳ್ಳುತ್ತದೆ. ಉಡಾನ್ ಕಾಗದದ ಮೇಲೆ ಮಾಡಲು ಹೊರಟದ್ದನ್ನು ಇಂಡಿಗೊ ತನ್ನ ಲೆಕ್ಕಪುಸ್ತಕದೊಳಗೇ ಮಾಡಿತು. ಇಡೀ ಊರು ಒಂದೇ ಕಂಪನಿಯ ಕೃಪೆಯಲ್ಲಿ ಬದುಕುವುದು ನನಗೆ ನೆಮ್ಮದಿಯ ಮಾತೇನಲ್ಲ. ಇಂದು ಇರುವ ದಾರಿ ಅದೊಂದೇ ಎಂಬುದೂ ನಿಜ.

ಇನ್ನು ಶಿವಮೊಗ್ಗ. 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ ಸೋಗಾನೆಯ ನಿಲ್ದಾಣಕ್ಕೆ 3,200 ಮೀಟರ್ ರನ್‌ವೇ ಇದೆ. ಮಂಡಕಳ್ಳಿಯದು ಬರೀ 1,740. ಇಷ್ಟು ಉದ್ದವಿದ್ದರೂ ಮೊದಲ ವಿಮಾನಕ್ಕೆ ಆಗಸ್ಟ್ 31ರವರೆಗೆ ಕಾಯಬೇಕಾಯಿತು, ಬಂದದ್ದೂ ಬೆಂಗಳೂರಿನ ಎಟಿಆರ್. ರನ್‌ವೇ ಉದ್ದವಾದರೆ ವಿಮಾನ ತಾನೇ ಬರುತ್ತದೆ ಎಂಬ ನಂಬಿಕೆಗೆ ಇದಕ್ಕಿಂತ ಬೇರೆ ಉತ್ತರ ಬೇಡ. ಚೆನ್ನೈಗೆ ಅಲ್ಲಿಂದ ನೇರ ವಿಮಾನ ಸಿಕ್ಕಿದ್ದು 2024ರ ಅಕ್ಟೋಬರಿನಲ್ಲಿ, ಸ್ಪೈಸ್‌ಜೆಟ್‌ನಿಂದ.

ಮೈಸೂರಿನಲ್ಲಿ ಈಗ ನಡೆದಿರುವ ಮಾತೆಲ್ಲ ರನ್‌ವೇಯದ್ದೇ. ಅದನ್ನು 2,750 ಮೀಟರಿಗೆ ಬೆಳೆಸಬೇಕು, ಏರ್‌ಬಸ್ ಇಳಿಯಬೇಕು ಎಂಬುದು ಯೋಜನೆ. ಅಡ್ಡಲಾಗಿ ನಂಜನಗೂಡಿನ ಹೆದ್ದಾರಿ ಹಾದುಹೋಗುತ್ತದೆ. ಹೆದ್ದಾರಿಯನ್ನು ರನ್‌ವೇ ಕೆಳಗೆ ಸುರಂಗದಲ್ಲಿ ಹಾಯಿಸುವುದೋ ಬಳಸಿ ಒಯ್ಯುವುದೋ ಎಂಬ ಚರ್ಚೆಯಲ್ಲೇ ವರ್ಷಗಳು ಕಳೆದವು. ರೈತರ ಜಮೀನು ಹೋಗುತ್ತದೆ. ಬಳ್ಳಾರಿಯ ಚಾಗನೂರಿನಲ್ಲಿ ವಿಮಾನ ನಿಲ್ದಾಣಕ್ಕೆಂದು ಭೂಮಿ ಕಳೆದುಕೊಂಡವರು ಇಂದಿಗೂ ಒಂದು ವಿಮಾನ ಕಂಡಿಲ್ಲ. ರನ್‌ವೇ ಬೆಳೆಯಲಿ, ಬೇಡ ಎನ್ನುವವನು ನಾನಲ್ಲ. ಅದು ಮುಗಿಯುವವರೆಗೆ ಇರುವ 1,740 ಮೀಟರಿನಲ್ಲೇ ಆಗುವ ಕೆಲಸವೊಂದಿದೆ: ಬೆಳಗ್ಗೆ ಆರೂವರೆಗೆ ಚೆನ್ನೈಗೆ ಹೊರಟು ರಾತ್ರಿ ಎಂಟರೊಳಗೆ ವಾಪಸು ತರುವ ಒಂದು ಎಟಿಆರ್, ವರ್ಷದ 365 ದಿನವೂ. ಅದಕ್ಕೆ ಬೇಕಾದದ್ದು ಚೆನ್ನೈನ ಕಿಕ್ಕಿರಿದ ನಿಲ್ದಾಣದಲ್ಲಿ ಬೆಳಗಿನ ಒಂದು ಸ್ಲಾಟ್, ಸಂಜೆಯ ಒಂದು ಸ್ಲಾಟ್, ಮತ್ತು ಸೀಟು ಖಾಲಿ ಹೋದ ದಿನಗಳ ನಷ್ಟಕ್ಕೆ ರಾಜ್ಯ ಸರ್ಕಾರದ ಮೂರು ವರ್ಷದ ಬದಲು ಹತ್ತು ವರ್ಷದ ಜಾಮೀನು. ಜಮೀನು ಸ್ವಾಧೀನಕ್ಕೆ ಆಗುವ ಖರ್ಚಿನ ಮುಂದೆ ಆ ಮೊತ್ತ ಸಣ್ಣದು.